ರಕ್ತದಲ್ಲಿ ಸೋಂಕಿದ್ದರೂ ಮೆರೊಪೆನೆಮ್ ನಿಲ್ಲಿಸಿದ್ದೇಕೆ?

ವೈರಲ್ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿರುವ ನಿಮ್ಮಣ್ಣನ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಸ್ಟೆನೊಟ್ರೋಫೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬಂದಿದೆ, ಇಂಥ ಹೊತ್ತಲ್ಲಿ ಮೆರೊಪೆನೆಮ್‌ನಂಥ ದೊಡ್ಡ ಆಂಟಿಬಯೋಟಿಕ್ ನಿಲ್ಲಿಸಿ ಹಳೇ ಸಲ್ಫಾ ಔಷಧಿ ಕೊಡುವುದು ಸರಿಯೇ ಎಂದು ಕೇಳಿದ್ದೀರಿ. ನಾನು ಐಸಿಯು ವೈದ್ಯ. ನೋಡದ ರೋಗಿಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ಈ ನಿರ್ಧಾರದಲ್ಲಿ ನನಗೆ ತಪ್ಪೇನೂ ಕಾಣುತ್ತಿಲ್ಲ.

ಮೆರೊಪೆನೆಮ್ ಅನ್ನು ಒಡೆದು ಹಾಕುವ ಕಿಣ್ವ ಈ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಇದೆ. ಡೋಸ್ ಹೆಚ್ಚಿಸಿದರೂ ಕೆಲಸಕ್ಕೆ ಬರದು. ಅಷ್ಟೇ ಅಲ್ಲ, ಆ ಔಷಧಿ ಉಳಿದ ಅನೇಕ ಬ್ಯಾಕ್ಟೀರಿಯಾಗಳನ್ನು ಕೊಂದು ಇದಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ. ಆರೋಗ್ಯವಂತರನ್ನು ಇದು ಅಷ್ಟಾಗಿ ಕಾಡುವುದಿಲ್ಲ. ನೀರು, ಸಿಂಕ್, ತೇವ ಇರುವ ಕಡೆ ಬದುಕಿಕೊಂಡಿರುತ್ತದೆ. ವೈರಸ್‌ನಿಂದ ಶ್ವಾಸಕೋಶ ಜರ್ಜರಿತವಾಗಿ, ಸ್ಟಿರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿ, ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಸೆಂಟ್ರಲ್ ಲೈನ್ (ಔಷಧಿ ಕೊಡಲು ಹಾಕಿದ ಪ್ಲಾಸ್ಟಿಕ್ ನಳಿಕೆ) ಇದ್ದಾಗ ಅದಕ್ಕೆ ದಾರಿ ಸಿಗುತ್ತದೆ.

ನೀವು ಹೇಳುವ ಸಲ್ಫಾ ಔಷಧಿ ಕೋ-ಟ್ರೈಮಾಕ್ಸಜೋಲ್ ಇರಬೇಕು. ಹಳೆಯದು, ಅಗ್ಗ, ಆದರೆ ಈ ಬ್ಯಾಕ್ಟೀರಿಯಾದ ಮಟ್ಟಿಗೆ ಬಹುಕಾಲದಿಂದ ನಂಬಿಕೊಂಡು ಬಂದದ್ದು. ರೋಗಿ ತೀರಾ ಗಂಭೀರವಾಗಿದ್ದರೆ ಜೊತೆಗೆ ಲೆವೊಫ್ಲಾಕ್ಸಾಸಿನ್ ಅಥವಾ ಮಿನೊಸೈಕ್ಲಿನ್ ಸೇರಿಸುವುದುಂಟು. ಕೋ-ಟ್ರೈಮಾಕ್ಸಜೋಲ್‌ನಿಂದ ಪೊಟ್ಯಾಸಿಯಂ ಏರಬಹುದು, ಕಿಡ್ನಿಗೆ ತೊಂದರೆಯಾಗಬಹುದು, ಅದಕ್ಕೇ ಪದೇ ಪದೇ ರಕ್ತ ಪರೀಕ್ಷೆ.

ಮನೆಯವರು ಔಷಧಿಯ ಹೆಸರನ್ನೇ ಕೇಳುತ್ತಾರೆ, ಲೈನ್ ಬಗ್ಗೆ ಯಾರೂ ಕೇಳುವುದಿಲ್ಲ. ಸೋಂಕು ಲೈನ್‌ನಿಂದ ಬಂದಿದ್ದರೆ ಅದನ್ನು ತೆಗೆಯದೆ ಎಷ್ಟು ಆಂಟಿಬಯೋಟಿಕ್ ಸುರಿದರೂ ಬಹಳ ಸಲ ವ್ಯರ್ಥ, ಏಕೆಂದರೆ ಪ್ಲಾಸ್ಟಿಕ್‌ಗೆ ಪದರವಾಗಿ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಔಷಧಿ ಸರಿಯಾಗಿ ಮುಟ್ಟುವುದಿಲ್ಲ. ಪತ್ತೆಗೆ ನಾವು ಲೈನ್‌ನಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆದು ಕಲ್ಚರ್‌ಗೆ ಕಳಿಸುತ್ತೇವೆ. ಲೈನ್‌ನ ಬಾಟಲಿ ಕೈಯ ಬಾಟಲಿಗಿಂತ 2 ಗಂಟೆಯೋ ಅದಕ್ಕೂ ಹೆಚ್ಚೋ ಮೊದಲೇ ಪಾಸಿಟಿವ್ ಆದರೆ ಅನುಮಾನ ಲೈನ್ ಮೇಲೆಯೇ.

ಜ್ವರ ಇಲ್ಲವೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ಸ್ಟಿರಾಯ್ಡ್ ಜ್ವರವನ್ನು ಅಡಗಿಸುತ್ತದೆ. ಉರಿಯೂತ ತಗ್ಗಿಸುವ ಟೊಸಿಲಿಜುಮ್ಯಾಬ್ ಕೊಟ್ಟಿದ್ದರೆ ಉರಿಯೂತ ಅಳೆಯುವ ಸಿಆರ್‌ಪಿ ರಕ್ತ ಪರೀಕ್ಷೆ ಕೂಡ ಸುಳ್ಳು ಹೇಳುತ್ತದೆ. ನಾನಾದರೆ ಬಿಪಿ ಕುಸಿಯದಂತೆ ಕೊಡುವ ಔಷಧಿಯ ಡೋಸ್ ಇಳಿಯುತ್ತಿದೆಯೇ, ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ಅಂಶ) ಇಳಿಯುತ್ತಿದೆಯೇ, ಮೂತ್ರ ಬರುತ್ತಿದೆಯೇ ಎಂದು ನೋಡುತ್ತೇನೆ.

ಡಾಕ್ಟರ್ ಸಿಕ್ಕಾಗ ಮೂರು ಕೇಳಿ: ಹಳೇ ಲೈನ್ ತೆಗೆದಿರಾ, ಮತ್ತೆ ಕಲ್ಚರ್ ಕಳಿಸಿದ್ದೀರಾ, ಸ್ಟಿರಾಯ್ಡ್ ಇನ್ನೂ ಎಷ್ಟು ದಿನ.