ಕಾಕಾ ಅವರ ಜೋಡು ನಳಿಗೆ: ಹೆಸರಿಗೆ ಆಗಲು ಇಷ್ಟು ತಡವೇಕೆ?

ಪ್ರಶ್ನೆ: ಧಾರವಾಡದ ನಮ್ಮ ಕಾಕಾ ತಮ್ಮ ಹಳೆಯ ಇಂಗ್ಲಿಷ್ ಜೋಡು ನಳಿಗೆ ಬಂದೂಕನ್ನು (12 ಬೋರ್) ನನಗೆ ಮಾರಿದ್ದಾರೆ. ದುಡ್ಡು ಕೊಟ್ಟಾಗಿದೆ, ನನಗೆ ಲೈಸೆನ್ಸೂ ಇದೆ. ಮಳೆಗಾಲದಿಂದ ಓಡಾಡುತ್ತಿದ್ದೇನೆ, ಇನ್ನೂ ನನ್ನ ಹೆಸರಿಗೆ ಆಗಿಲ್ಲ. ‘ನೂರು ವರ್ಷದ್ದು, ಆಂಟಿಕ್ ಅಂತ ಹೇಳಿ ತಂದುಬಿಡು’ ಎನ್ನುತ್ತಾನೆ ಗೆಳೆಯ. ತರಬಹುದಾ?
– ಓದುಗರೊಬ್ಬರು, ನಿಗಡಿ, ಪುಣೆ

ಉತ್ತರ: ಗೆಳೆಯನ ಮಾತು ಮೊದಲು ಬಿಡಿ. 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಗುಂಡು ಹಾರದ ಹಳೇ ಆಯುಧಕ್ಕೆ. ಕಾಕಾ ಅವರದು ಈಗಲೂ ಹಾರುತ್ತದೆ ಅಲ್ವಾ? ಹಾಗಾದರೆ ಲೈಸೆನ್ಸ್ ಬೇಕೇ ಬೇಕು.

ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಬಂದೂಕು ರಿಪೇರಿ ಮಾಡಿಕೊಂಡೇ ಬದುಕಿದವನು ನಾನು. ಇಂಥ ತಡದ ಗಂಟು ಜಾಸ್ತಿ ಮಾರುವವರ ಕಡೆಯೇ ಇರುತ್ತದೆ. ನೀವು ಸುಮ್ನೆ ಪುಣೆಯ ಕಚೇರಿ ಮೆಟ್ಟಿಲು ಸವೆಸುತ್ತಿದ್ದೀರಿ. ಮಾರುವ ವಿಷಯವನ್ನು ಕಾಕಾ ಅಲ್ಲಿನ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು. ಆಮೇಲೆ 45 ದಿನ ಕಳೆಯದೆ ಬಂದೂಕು ಕೈ ಬದಲಾಗುವ ಹಾಗಿಲ್ಲ. ಆ ಪತ್ರಕ್ಕೆ ಸೀಲು ಬಿದ್ದ ಪ್ರತಿ ಅವರ ಹತ್ತಿರ ಇದೆಯಾ? ಇಲ್ಲದಿದ್ದರೆ ನಿಮ್ಮ 45 ದಿನ ಇನ್ನೂ ಶುರುವೇ ಆಗಿಲ್ಲ ಅಂದುಕೊಳ್ಳಿ.

ತಡಕ್ಕೆ ಇನ್ನೊಂದು ಕಾರಣ, ನಂಬರಿನ ತಕರಾರು. ಹಳೇ ಇಂಗ್ಲಿಷ್ ಬಂದೂಕಿನಲ್ಲಿ ಇದು ಮಾಮೂಲು. ಅದರ ಮೈಮೇಲೆ ಪೇಟೆಂಟ್ ನಂಬರೂ ಇರುತ್ತದೆ, ಬಂದೂಕಿನ ನಂಬರೂ ಇರುತ್ತದೆ. ಹಿಂದೆ ಯಾರೋ ಗುಮಾಸ್ತರು ಕಣ್ಣಿಗೆ ಬಿದ್ದ ಪೇಟೆಂಟ್ ನಂಬರನ್ನೇ ಲೈಸೆನ್ಸ್ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಗುಂಡು ತುಂಬಿಲ್ಲ ಎಂದು ಎರಡೆರಡು ಸಲ ನೋಡಿಕೊಂಡು, ನಳಿಗೆಯ ಕೆಳಗಿನ ಮರದ ತುಂಡು ಬಿಚ್ಚಿ, ನಳಿಗೆ ಕಳಚಲು ಕಾಕಾ ಅವರಿಗೆ ಹೇಳಿ. ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ನಂಬರು, ಪಕ್ಕದಲ್ಲೇ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಪ್ರೂಫ್ ಮುದ್ರೆ (ಹಾರಿಸಿ ಪರೀಕ್ಷೆ ಮಾಡಿದ್ದಕ್ಕೆ ಒತ್ತಿದ ಗುರುತು) ಕಾಣುತ್ತವೆ. ಎಣ್ಣೆ ಜಿಡ್ಡು ಒರೆಸಿ ಸೀಮೆಸುಣ್ಣ ತಿಕ್ಕಿದರೆ ಸವೆದ ಅಂಕಿಯೂ ಎದ್ದು ಬರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಲಿ. ಟ್ರಿಗರ್ ಸುತ್ತಿನ ಬಳೆಯ (ಟ್ರಿಗರ್ ಗಾರ್ಡ್) ಮೇಲಿನ ನಂಬರಿಗೂ ತಾಳೆ ನೋಡಲಿ. ಪುಸ್ತಕದಲ್ಲಿ ತಪ್ಪಿದ್ದರೆ ಧಾರವಾಡದಲ್ಲೇ ತಿದ್ದಿಸಿ. ಅಂಕಿ ಸವೆದಿದೆ ಅಂತ ಯಾರಿಂದಲೂ ಹೊಸದಾಗಿ ಪಂಚ್ ಹೊಡೆಸಬೇಡಿ, ಅದು ಅಪರಾಧ.

ನಿಮ್ಮ ಕಡೆ ನೋಡುವುದು ಒಂದೆರಡಿದೆ. 2018ರಲ್ಲಿ ಪಿಂಪ್ರಿ-ಚಿಂಚವಡಕ್ಕೆ ಬೇರೆ ಪೊಲೀಸ್ ಕಮಿಷನರೇಟ್ ಬಂತು. ನಿಮ್ಮ ಲೈಸೆನ್ಸ್ ಅದಕ್ಕಿಂತ ಹಳೆಯದಾದರೆ ಕಡತ ಈಗ ಯಾವ ಕಚೇರಿಯಲ್ಲಿದೆ ಎಂದು ಕೇಳಿ. ಲೈಸೆನ್ಸ್ ಮಹಾರಾಷ್ಟ್ರಕ್ಕೆ ಮಾತ್ರವಾ, ಇಡೀ ದೇಶಕ್ಕಾ ಎಂದೂ ನೋಡಿ. ರಾಜ್ಯಕ್ಕೆ ಮಾತ್ರ ಅಂತಿದ್ದರೆ ಧಾರವಾಡಕ್ಕೆ ಕಾರು ತೆಗೆದುಕೊಂಡು ಹೋಗಿ ಡಿಕ್ಕಿಯಲ್ಲಿ ಹಾಕಿಕೊಂಡು ಬರುವ ಯೋಚನೆ ಬೇಡ. ಸಾಗಿಸುವ ಪರವಾನಗಿ ಬಗ್ಗೆ ನಿಮ್ಮ ಕಚೇರಿಯಲ್ಲೇ ವಿಚಾರಿಸಿ.

ಫೋಟೋ ತೆಗೆಯುವಾಗಲೇ ಪ್ರೂಫ್ ಮುದ್ರೆಯನ್ನೂ ಸ್ಪಷ್ಟವಾಗಿ ತೆಗೆಸಿ, ಯಾವ ತೋಟಾ ಹಾಕಬಹುದು ಎಂಬುದಕ್ಕೆ ಅದೇ ಸುಳಿವು. ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಎಷ್ಟೋ 65 ಮಿಲಿಮೀಟರ್ ಉದ್ದದ ತೋಟಾಕ್ಕೆ ಮಾಡಿದವು. ಈಗಿನ 70ರ ತೋಟಾ ಅದರೊಳಗೆ ಕೂರುತ್ತದೆ, ಆದರೆ ಹಾರಿಸಿದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎನ್ನುವ ನೈಟ್ರೋ ಪ್ರೂಫ್ ಮುದ್ರೆಯೇ ಇಲ್ಲದಿದ್ದರೆ ಈಗಿನ ತೋಟಾ ಹಾಕಲೇಬೇಡಿ.

ಹಾಗೇ ನಿಮ್ಮ ಲೈಸೆನ್ಸಿನಲ್ಲಿ ಖರೀದಿಗೆ ಗಡುವು ಬರೆದಿದ್ದರೆ ಇವತ್ತೇ ನೋಡಿ. ಹತ್ತಿರ ಬಂದಿದ್ದರೆ, ಮುಗಿಯುವ ಮೊದಲೇ ಮುಂದೂಡಲು ಅರ್ಜಿ ಹಾಕಿ.