ಲೆಕ್ಕ ಕೇಳಿದರೆ ಅಪ್ಪಚ್ಚಿಯನ್ನು ಕಳ್ಳ ಅಂದ ಹಾಗಾ?

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಶಿರಸಿ ಸೀಮೆಯ ತೋಟದ ಮನೆಗಳಿಂದ ಇದೇ ಸಂಕಟ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಪ್ಪತ್ತಾರರ ಹುಡುಗಿ. ಅಜ್ಜ ಎರಡು ಎಕರೆ ಅಡಿಕೆ ತೋಟವನ್ನು ಮೊಮ್ಮಕ್ಕಳಿಗಾಗಿ ನೋಂದಾಯಿತ ಟ್ರಸ್ಟ್ ಪತ್ರದಲ್ಲಿಟ್ಟು, ಚಿಕ್ಕಪ್ಪನನ್ನು (ಅವಳ ಮಾತಿನಲ್ಲಿ ಅಪ್ಪಚ್ಚಿ) ಅವರ ಪರವಾಗಿ ತೋಟ ನೋಡಿಕೊಳ್ಳುವ ಟ್ರಸ್ಟಿ ಮಾಡಿದ್ದರು. ಓದಿನ ಖರ್ಚು ಬಂತು, ಲೆಕ್ಕ ಬರಲಿಲ್ಲ. ದೀಪಾವಳಿಯಂದು ಜಗುಲಿಯಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು. "ನಿನ್ನ ಓದಿಸಿದ್ದು ಯಾರು?" ಎಂದರಂತೆ ಚಿಕ್ಕಪ್ಪ. ಅಲ್ಲಿಗೆ ಮಾತು ನಿಂತಿತು.

ಸಲಹೆಗೆಂದು ನನ್ನ ಬಳಿ ಬಂದವಳು ಮೂರನೆಯ ಭೇಟಿಯಲ್ಲಿ ಕೇಳಿದ್ದು ಕಾನೂನನ್ನಲ್ಲ. "ಲೆಕ್ಕ ಕೇಳಿದರೆ ಅಪ್ಪಚ್ಚಿಯನ್ನು ಕಳ್ಳ ಅಂದ ಹಾಗೆ ಆಗೋದಿಲ್ವಾ?"

"ನಿಮ್ಮೂರ ಸಹಕಾರಿ ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಪ್ರತಿವರ್ಷ ಜಮಾಖರ್ಚು ಓದುತ್ತಾರಲ್ಲ, ಕಾರ್ಯದರ್ಶಿಯನ್ನು ಯಾರಾದರೂ ಕಳ್ಳ ಅಂತಾರಾ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಲ್ಲ. ಓದದಿದ್ದರೆ ಅಂತಾರೆ."

ಅವಳ ಈ ಮಾತಿನ ನಂತರವೇ ಕಾಗದ ತೆರೆದದ್ದು. ಮೊದಲು ನೋಡಬೇಕಾದ್ದು ಪತ್ರ ನಿಜವಾಗಿ ಟ್ರಸ್ಟಿನದೇ ಎಂಬುದನ್ನು. ಪಾಲಾಗದ ಅವಿಭಕ್ತ ಆಸ್ತಿಯಾದರೆ, ವಂಚನೆ ನಡೆದಿದೆ ಎಂದು ತೋರಿಸದ ಹೊರತು ಕರ್ತನಿಂದ, ಅಂದರೆ ಕುಟುಂಬದ ಯಜಮಾನನಿಂದ, ಹಿಂದಿನ ವರ್ಷಗಳ ಲೆಕ್ಕ ಕೇಳುವುದು ಕಷ್ಟ. ಟ್ರಸ್ಟಿಯ ಮಾತೇ ಬೇರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 19ನೇ ಕಲಮಿನಂತೆ ಆತ ಸ್ಪಷ್ಟ, ನಿಖರ ಲೆಕ್ಕ ಇಡಬೇಕು, ಫಲಾನುಭವಿ (ಇಲ್ಲಿ ಮೊಮ್ಮಕ್ಕಳು) ಸೂಕ್ತ ಸಮಯದಲ್ಲಿ ಕೇಳಿದಾಗ ಆಸ್ತಿಯ ಪೂರ್ಣ ಮಾಹಿತಿ ಕೊಡಬೇಕು. ಟ್ರಸ್ಟ್ ಪತ್ರ, ಲೆಕ್ಕ, ವೋಚರುಗಳನ್ನು ನೋಡಿ ನಕಲು ಪಡೆಯುವ ಹಕ್ಕು 57ನೇ ಕಲಮಿನಲ್ಲಿದೆ. ಪತ್ರದಲ್ಲಿ ಬರೆದಿಲ್ಲದೆ, ಟ್ರಸ್ಟ್ ಒಪ್ಪಿಕೊಳ್ಳುವಾಗ ಫಲಾನುಭವಿಯೊಂದಿಗಾಗಲಿ ಕೋರ್ಟಿನೊಂದಿಗಾಗಲಿ ಒಪ್ಪಂದವೂ ಆಗಿಲ್ಲದಿದ್ದರೆ, ಟ್ರಸ್ಟಿಗೆ ಸಂಬಳವಿಲ್ಲ (50ನೇ ಕಲಂ). ಕೈಯಿಂದ ಹಾಕಿದ ನ್ಯಾಯವಾದ ಖರ್ಚನ್ನು ಮಾತ್ರ ಆತ ಹಿಂಪಡೆಯಬಹುದು, ಅದನ್ನು ನಾವೂ ಒಪ್ಪಬೇಕು.

"ನನ್ನ ದುಡ್ಡು ಎಲ್ಲಿ ಹೋಯ್ತು" ಎಂದು ಬರೆದರೆ ಜಗಳವೇ ಉತ್ತರವಾಗಿ ಬರುತ್ತದೆ. ಅವಳಿಂದ ಒಂದು ಪುಟದ ಪತ್ರ ಬರೆಸಿದೆ: ಮೂರು ವರ್ಷಗಳ ಅಡಿಕೆ, ಕಾಳುಮೆಣಸಿನ ಮಾರಾಟದ ಪಟ್ಟಿಗಳು, ಹಣ ಜಮೆಯಾದ ಖಾತೆಯ ವಿವರ, ಕೂಲಿ, ಗೊಬ್ಬರ, ಮದ್ದು ಹೊಡೆದ ಖರ್ಚು, ಅವಳಿಗೆಂದು ಕೊಟ್ಟ ಮೊತ್ತ, ಉಳಿದ ಬಾಕಿ. ದಿನಗೂಲಿಗೆ ರಸೀದಿ ಇರುವುದಿಲ್ಲ. ಹಾಜರಿ ಪುಸ್ತಕ ಸಾಕು ಎಂದೂ ಸೇರಿಸಿದೆವು. ಮೂವತ್ತು ದಿನದ ಅವಧಿ, ಸ್ವೀಕೃತಿ ಸಿಗುವ ಅಂಚೆ, ನಕಲು ತನ್ನ ಬಳಿ. ಆಸ್ತಿ ಪಾಲಿನ ಮಾತು ಈ ಪತ್ರದಲ್ಲಿ ಬೇಡವೇ ಬೇಡ. ಒಂದಿಷ್ಟು ಹಣ ಕೊಟ್ಟು "ಲೆಕ್ಕ ಚುಕ್ತಾ" ಎಂದು ಸಹಿ ಕೇಳಿದರೆ, ಪುಸ್ತಕ ನೋಡುವ ಮೊದಲು ಮಾಡಬಾರದು.

ಇಂಥ ಸಲಹೆ ಮನೆ ಒಡೆಯುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತು ವರ್ಷ ಒಳಗೇ ಕೊಳೆತ ಅನುಮಾನ ಒಂದು ಪುಟದ ಪತ್ರಕ್ಕಿಂತ ಹೆಚ್ಚು ಮನೆಗಳನ್ನು ಒಡೆದಿದೆ. ವಕೀಲರ ನೋಟಿಸನ್ನು ಮೊದಲ ಹೆಜ್ಜೆಯಾಗಿಸದೆ ಅವಳಿಂದಲೇ ಪತ್ರ ಬರೆಸಿದ್ದೂ ಮನೆ ಉಳಿಯಲೆಂದೇ. ಉತ್ತರ ಬಾರದಿದ್ದರೆ ನೋಟಿಸು, ಆಮೇಲೆ ಸಿವಿಲ್ ಕೋರ್ಟಿನಲ್ಲಿ ಲೆಕ್ಕದ ದಾವೆ.

ಇಪ್ಪತ್ತೆರಡನೇ ದಿನ ಚೀಲವೊಂದು ಬಂತು. ಅಡಿಕೆಯ ಪಟ್ಟಿಗಳು ಪೂರ್ತಿ ಇದ್ದವು, ಹಾಜರಿ ಪುಸ್ತಕವೂ ಇತ್ತು. ಮೆಣಸಿನ ಪಟ್ಟಿಗಳು ಚಿಕ್ಕಪ್ಪನ ಸ್ವಂತ ಖಾತೆಯ ಹೆಸರಿನಲ್ಲಿದ್ದವು. ಅಷ್ಟನ್ನೇ ಕೇಳಿ ಅವಳು ಎರಡನೇ ಪತ್ರ ಬರೆದಿದ್ದಾಳೆ.