ತಮ್ಮನ ಪಿಜಿ ರೂಮಲ್ಲಿ ಗಾಂಜಾ ಸಿಕ್ಕಿದೆ ಅಂತ ಕೇಸಾಗಿದೆ. ಜಾಮೀನು ಸಿಗುತ್ತಾ? ನಾವೇನು ಮಾಡಬೇಕು?

ನೀವು ಬರೆದಿರುವುದನ್ನು ಎರಡು ಸಲ ಓದಿದೆ. ತಮ್ಮ ಬೆಂಗಳೂರಲ್ಲಿ ಓದುತ್ತಿದ್ದಾನೆ. ಇನ್ನಿಬ್ಬರ ಜೊತೆ ಪಿಜಿ ರೂಮು. ನಾಲ್ಕು ದಿನದ ಹಿಂದೆ ರಾತ್ರಿ ಪೊಲೀಸರು ಬಂದು ಕಪಾಟಿನಲ್ಲಿದ್ದ ಬ್ಯಾಗಿನಿಂದ 1 ಕೆಜಿ 150 ಗ್ರಾಂ ಗಾಂಜಾ ಸಿಕ್ಕಿತು ಅಂತ ಮಹಜರು ಬರೆದಿದ್ದಾರೆ. ಅವನ ಕೈಲಿ ‘ಸ್ವಇಚ್ಛಾ ಹೇಳಿಕೆ’ಗೆ ಸಹಿ ಹಾಕಿಸಿದ್ದಾರೆ. ಈಗ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದಾನೆ. ಯಾರೋ ‘ಹತ್ತು ವರ್ಷ ಗ್ಯಾರಂಟಿ’ ಅಂತ ಹೆದರಿಸಿದ್ದಾರೆ, ಇನ್ನಾರೋ ‘ದುಡ್ಡು ಕೊಟ್ಟರೆ ನಾಳೆಯೇ ಬಿಡಿಸ್ತೀನಿ’ ಅಂದಿದ್ದಾರೆ. ಇಷ್ಟು ತಾನೇ?

ನಾನು ಬೆಂಗಳೂರಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ನಿಮ್ಮ ಕೇಸಿನ ಕಾಗದ ನೋಡಿಲ್ಲ, ಹಾಗಾಗಿ ಇದನ್ನು ಕೇಸಿನ ಸಲಹೆ ಅಂತ ತಗೋಬೇಡಿ. ಯಾವ ಕಾಗದ ಹುಡುಕಬೇಕು, ಅದರಲ್ಲಿ ಏನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಆ ‘ಹತ್ತು ವರ್ಷ ಗ್ಯಾರಂಟಿ’ ಮಾತು. ಅದು ಸುಳ್ಳು. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ ಎಲ್ಲವೂ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕೆಜಿಗಿಂತ ಕಮ್ಮಿ ಇದ್ದರೆ ‘ಸಣ್ಣ ಪ್ರಮಾಣ’. ಅದಕ್ಕೆ ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 20 ಕೆಜಿ ದಾಟಿದರೆ ‘ವಾಣಿಜ್ಯ ಪ್ರಮಾಣ’. ಅಲ್ಲಿ ಕನಿಷ್ಠವೇ 10 ವರ್ಷ, ಗರಿಷ್ಠ 20. ಇವೆರಡರ ನಡುವೆ ಇರುವುದಕ್ಕೆ 10 ವರ್ಷದ‘ವರೆಗೆ’ ಶಿಕ್ಷೆ, 1 ಲಕ್ಷದವರೆಗೆ ದಂಡ. ಈ ‘ವರೆಗೆ’ ಅನ್ನೋ ಪದ ನುಂಗಿಯೇ ಜನ ಹೆದರಿಸೋದು. ನಡುವಿನ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆ ಅಂತ ಕಾಯ್ದೆಯಲ್ಲಿ ಇಲ್ಲ.

ನಿಮ್ಮ ತಮ್ಮನ ಕೇಸು ಸಣ್ಣ ಪ್ರಮಾಣದ ಗೆರೆಯಿಂದ ಬರೀ 150 ಗ್ರಾಂ ಮೇಲಿದೆ. ನನಗಂತೂ ಇಡೀ ಕೇಸು ಆ 150 ಗ್ರಾಂ ಮೇಲೆಯೇ ಕೂತಿದೆ ಅನಿಸುತ್ತೆ.

(ಒಂದು ಮಾತು, ಬೇರೆ ಯಾರಾದರೂ ಓದ್ತಿದ್ದರೆ. ಈ ಲೆಕ್ಕ ಗಾಂಜಾಕ್ಕೆ ಮಾತ್ರ. ಎಂಡಿಎಂಎ ಅನ್ನೋ ರಾಸಾಯನಿಕ ಡ್ರಗ್ ಆದರೆ 10 ಗ್ರಾಂ ದಾಟಿದರೇ ವಾಣಿಜ್ಯ ಪ್ರಮಾಣ, ಚರಸ್ ಆದರೆ 1 ಕೆಜಿ, ಹೆರಾಯಿನ್ 250 ಗ್ರಾಂ. ಮಾತ್ರೆಯಲ್ಲಿ ಅಸಲಿ ಡ್ರಗ್ ಸ್ವಲ್ಪವೇ ಇತ್ತು, ಉಳಿದದ್ದು ಪುಡಿ ಅಂದರೂ ನಡೆಯಲ್ಲ. ಬೆರಕೆ ಸಮೇತ ಪೂರ್ತಿ ತೂಕವೇ ಲೆಕ್ಕ ಅಂತ 2020ರಲ್ಲಿ ಹೀರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಕಾಲೇಜು ಹುಡುಗರಿಗೆ ಇದು ಗೊತ್ತೇ ಇರಲ್ಲ.)

ಜಾಮೀನಿನ ವಿಷಯಕ್ಕೆ ಬರ್ತೀನಿ. ಈ ಕಾಯ್ದೆಯಲ್ಲಿ ಜಾಮೀನೇ ಇಲ್ಲ ಅಂತ ಜನ ಹೇಳೋದು 37ನೇ ಕಲಂ ನೋಡಿ. ಆರೋಪಿ ತಪ್ಪು ಮಾಡಿಲ್ಲ ಅಂತ ನಂಬಲು ಕಾರಣ ಇರಬೇಕು, ಹೊರಗೆ ಬಂದರೆ ಮತ್ತೆ ತಪ್ಪು ಮಾಡಲ್ಲ ಅಂತಲೂ ಕೋರ್ಟಿಗೆ ಅನಿಸಬೇಕು ಅನ್ನುತ್ತೆ ಅದು. ತುಂಬ ಕಠಿಣ. ಆದರೆ ಅದು ವಾಣಿಜ್ಯ ಪ್ರಮಾಣಕ್ಕೆ ಮತ್ತು ಬೇರೆ ಕೆಲವು ಕಲಂಗಳಿಗೆ ಮಾತ್ರ. 1 ಕೆಜಿ 150 ಗ್ರಾಂಗೆ ಅನ್ವಯ ಆಗಲ್ಲ. ಹಿಂದೆ ಕೇಸಿಲ್ಲದ, ಓದುತ್ತಿರುವ ಹುಡುಗನಿಗೆ ನಡುವಿನ ಪ್ರಮಾಣದಲ್ಲಿ ಜಾಮೀನು ಸಿಗೋದು ಅಪರೂಪವೇನಲ್ಲ. ಒಂದೇ ಸಲಕ್ಕೆ ಸಿಗುತ್ತೆ ಅಂತಲೂ ಹೇಳಲಾರೆ. ಮೊದಲ ಅರ್ಜಿ ವಜಾ ಆದರೆ ಹೈಕೋರ್ಟ್ ಇದೆ.

ಹೆದರಬೇಕಾದ್ದು ಬೇರೆ ಇದೆ. ಎಫ್‌ಐಆರ್‌ನಲ್ಲಿ ಯಾವ ಯಾವ ಕಲಂ ಹಾಕಿದ್ದಾರೆ ಅಂತ ನೋಡಿ. 20(ಬಿ), ಅಂದರೆ ಗಾಂಜಾ ಇಟ್ಟುಕೊಂಡಿದ್ದಕ್ಕೆ ಹಾಕುವ ಕಲಂ, ಮಾತ್ರ ಇದ್ದರೆ ಸರಿ. 29 ಇದ್ದರೆ ‘ಸಂಚು’ ಅಂತ ಅರ್ಥ. 27ಎ ಇದ್ದರೆ ‘ಈ ದಂಧೆಗೆ ದುಡ್ಡು ಹಾಕಿದ’ ಅಂತ. ಯಾರೋ ಮಾರುವವನ ಹತ್ತಿರ 25 ಕೆಜಿ ಸಿಕ್ಕಿ, ಅವನ ಫೋನಿಗೆ ನಿಮ್ಮ ತಮ್ಮ ಯುಪಿಐನಲ್ಲಿ ದುಡ್ಡು ಕಳಿಸಿದ್ದು ಕಂಡರೆ, ಇವನನ್ನೂ ಆ ಕೇಸಿಗೆ ಪೋಣಿಸಲು ನೋಡುತ್ತಾರೆ. ಆಗ 37 ಬಾಗಿಲಲ್ಲಿ ಬಂದು ನಿಲ್ಲುತ್ತೆ. ಹಾಗಂತ ಅವನ ಫೋನಲ್ಲಿ, ಲ್ಯಾಪ್‌ಟಾಪಲ್ಲಿ ಏನನ್ನೂ ಅಳಿಸಲು ಹೋಗಬೇಡಿ. ಸ್ನೇಹಿತರಿಗೂ ಹೇಳಬೇಡಿ. ಸಾಕ್ಷ್ಯ ನಾಶ ಅಂತ ಇನ್ನೊಂದು ಕೇಸು ಮೈಮೇಲೆ ಬರುತ್ತೆ, ಅದೂ ನಿಮ್ಮ ಮೇಲೆ.

ಸ್ವಇಚ್ಛಾ ಹೇಳಿಕೆಗೆ ಸಹಿ ಹಾಕಿಬಿಟ್ಟ ಅಂತ ಅತ್ತಿದ್ದೀರಿ. ಸಮಾಧಾನ ಮಾಡ್ಕೊಳ್ಳಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ. ಇದು ಬ್ರಿಟಿಷರ ಕಾಲದಿಂದಲೂ ಇದೆ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳ) ಅಧಿಕಾರಿಗಳ ಮುಂದೆ 67ನೇ ಕಲಂ ಅಡಿ ಕೊಟ್ಟ ಹೇಳಿಕೆಗೂ ಇದೇ ಗತಿ ಅಂತ 2020ರ ತೂಫಾನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಬ್ಬ ಆರೋಪಿ ಪೊಲೀಸರ ಮುಂದೆ ಇವನ ಹೆಸರು ಹೇಳಿದ್ದಾನೆ ಅನ್ನೋದೊಂದರಿಂದಲೇ ಕೇಸು ನಿಲ್ಲಲ್ಲ. ಆ ಹೇಳಿಕೆಯಿಂದಾಗಿ ಹೊಸದಾಗಿ ಏನಾದರೂ ಸಿಕ್ಕಿದೆಯಾ ಅನ್ನೋದು ಮಾತ್ರ ಮುಖ್ಯ. ‘ನಾನೇ ತೋರಿಸ್ತೀನಿ ಬನ್ನಿ ಅಂದ, ಹೋದೆವು, ಅಲ್ಲಿ ಮಾಲು ಇತ್ತು’ ಅಂತ ಬರೆದಿದ್ದರೆ ಅಷ್ಟು ಭಾಗ ಉಳಿಯುತ್ತೆ. ಅದನ್ನು ನಿಮ್ಮ ವಕೀಲರಿಗೆ ತೋರಿಸಿ.

ಈಗ ತೂಕ. ಇಲ್ಲಿ ಸ್ವಲ್ಪ ನಿಲ್ತೀನಿ.

ಕೆಲವು ವರ್ಷದ ಹಿಂದೆ ನಾನು ನಡೆಸಿದ ಒಂದು ಕೇಸು. ಮಹಜರಿನಲ್ಲಿ 1 ಕೆಜಿ 60 ಗ್ರಾಂ ಅಂತಿತ್ತು. ವಿಚಾರಣೆಗೆ ಬಂದ ಪಂಚ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನು, ಒಬ್ಬ ಆಟೋ ಡ್ರೈವರು. ಪಾಪ, ಸುಳ್ಳು ಹೇಳುವ ಮನುಷ್ಯ ಅಲ್ಲ. ತೂಕದ ಯಂತ್ರ ಎಲ್ಲಿಂದ ಬಂತು ಅಂತ ಕೇಳಿದೆ. ‘ಪಕ್ಕದ ತರಕಾರಿ ಅಂಗಡಿಯಿಂದ ಸಾರ್.’ ಬ್ಯಾಗಿನಿಂದ ಹೊರಗೆ ತೆಗೆದು ತೂಗಿದರಾ ಅಂದೆ. ‘ಇಲ್ಲ ಸಾರ್, ಗಲೀಜಾಗುತ್ತೆ ಅಂತ ಹಾಗೇ ಇಟ್ಟರು.’ ಹಾಗೇ ಅಂದರೆ? ‘ಕವರು, ಅದರ ಮೇಲೆ ಬಟ್ಟೆ ಬ್ಯಾಗು, ಎಲ್ಲಾ ಸೇರಿ.’ ಜಡ್ಜ್ ಅದನ್ನು ಇನ್ನೊಮ್ಮೆ ಕೇಳಿ ಅವನ ಮಾತಿನಲ್ಲೇ ಬರೆಸಿಕೊಂಡರು. ಮ್ಯಾಜಿಸ್ಟ್ರೇಟರ ಮುಂದೆ ಬಿಚ್ಚಿ ತೂಗಿದಾಗ 930 ಗ್ರಾಂ ಬಂದಿತ್ತು. ಆ ಪಟ್ಟಿ ಫೈಲಿನಲ್ಲೇ ಇತ್ತು, ಅಲ್ಲಿಯವರೆಗೆ ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನನ್ನ ಹುಡುಗ ಖುಲಾಸೆ ಆಗಲಿಲ್ಲ. ಕೇಸು ಸಣ್ಣ ಪ್ರಮಾಣಕ್ಕೆ ಇಳಿಯಿತು. ಒಳಗಿದ್ದ ದಿನಗಳೇ ಶಿಕ್ಷೆ ಅಂತ ಲೆಕ್ಕ ಹಾಕಿ, ದಂಡ ಕಟ್ಟಿಸಿಕೊಂಡು ಬಿಟ್ಟರು.

ಹಾಗಾಗಿ ನಿಮ್ಮ ಮಹಜರು ಕೈಗೆ ಬಂದ ದಿನ ಹುಡುಕಬೇಕಾದ್ದು ಇದು: ಕವರು ಸಮೇತ ತೂಗಿದ್ದಾರಾ, ಕವರಿನ ತೂಕ ಕಳೆದಿದ್ದಾರಾ? ಹಸಿ ಇತ್ತಾ, ಒಣಗಿತ್ತಾ? ಹಸಿ ಸೊಪ್ಪು ಒಣಗಿದರೆ ತೂಕ ಇಳಿಯುತ್ತೆ, ಅದು ಕೊತ್ತಂಬರಿ ಮಾರುವವರಿಗೂ ಗೊತ್ತು. ‘ಎಲೆ, ಬೀಜ, ಕಡ್ಡಿ, ಹೂವು ಮಿಶ್ರಿತ’ ಅಂತ ಬರೆದಿದ್ದಾರಾ? ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಜೊತೆಗೇ ಇತ್ತು, ಹಾಗಾಗಿ ಎಲ್ಲಾ ಲೆಕ್ಕಕ್ಕೆ ಬರುತ್ತೆ ಅಂತ ಪಿಪಿ (ಸರ್ಕಾರದ ಪರ ವಕೀಲರು) ವಾದಿಸುತ್ತಾರೆ. ಅವರ ವಾದವೂ ದುರ್ಬಲ ಅಲ್ಲ. ಆದರೆ 150 ಗ್ರಾಂ ಅಂತರದಲ್ಲಿ ಈ ವಾದ ಮಾಡದೆ ಬಿಡುವ ವಕೀಲ ಬೇಡ. (ಭಂಗಿಯದು ಬೇರೆಯೇ ಕಥೆ. ಎಲೆ ಅರೆದು ಮಾಡುವ ಭಂಗಿ ಈ ಕಾಯ್ದೆಯ ನಿಷೇಧದಲ್ಲಿ ಎಲ್ಲೂ ಇಲ್ಲ ಅಂತ ಹೇಳಿ 2022ರಲ್ಲಿ ನಮ್ಮ ಹೈಕೋರ್ಟ್ ಒಬ್ಬರಿಗೆ ಜಾಮೀನು ಕೊಟ್ಟಿತ್ತು.)

ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿ, ಸ್ಯಾಂಪಲ್ ತೆಗೆಯಬೇಕು ಅನ್ನೋದು 52ಎ ಕಲಂ. 2016ರ ಮೋಹನ್‌ಲಾಲ್ ತೀರ್ಪಿನಿಂದ ಇದಕ್ಕೆ ಬಲ ಬಂತು. ಸ್ಯಾಂಪಲ್ ಇಲ್ಲಿಂದ ಎಫ್‌ಎಸ್‌ಎಲ್‌ಗೆ, ಅಂದರೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗುತ್ತೆ. ಸೀಲು ಸರಿ ಇತ್ತಾ, ಎಷ್ಟು ದಿನ ಠಾಣೆಯಲ್ಲೇ ಇತ್ತು, ಮಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತು, ರಿಜಿಸ್ಟರಿನಲ್ಲಿ ಬರೆದಿದೆಯಾ, ಎಲ್ಲವೂ ಕೆಲಸಕ್ಕೆ ಬರುತ್ತೆ. 52ಎ ಪಾಲಿಸಲಿಲ್ಲ ಅಂದಮಾತ್ರಕ್ಕೆ ಕೇಸು ಬಿದ್ದುಹೋಗಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಯಾರಾದರೂ ‘ಒಂದೇ ಪಾಯಿಂಟಲ್ಲಿ ಕೇಸು ಮುಗಿಸ್ತೀನಿ’ ಅಂದರೆ ಎದ್ದು ಬನ್ನಿ. ಒಂದರ ಮೇಲೊಂದು ಅನುಮಾನ ಸೇರಿದಾಗಲೇ ಕೇಸು ಅಲ್ಲಾಡೋದು.

50ನೇ ಕಲಂ ಬಗ್ಗೆ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ‘ಗೆಜೆಟೆಡ್ ಆಫೀಸರ್ ಮುಂದೆ ಶೋಧ ಮಾಡಿಲ್ಲ, ಕೇಸು ಕ್ಯಾನ್ಸಲ್’ ಅಂತ. ಅದು ಮೈ ಶೋಧಕ್ಕೆ ಮಾತ್ರ. ಬ್ಯಾಗಿಗೆ, ಕಪಾಟಿಗೆ ಅಲ್ಲ. ನಿಮ್ಮ ಕೇಸಲ್ಲಿ ಅದರಿಂದ ಉಪಯೋಗ ಕಮ್ಮಿ. ನಿಮಗೆ ಬೇಕಾದ್ದು 42. ರೂಮು ಅಂದರೆ ಕಟ್ಟಡ. ಮಾಹಿತಿ ಬಂದಾಗ ಅದನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಗೆ ಹೋಗಬೇಕಾದರೆ, ವಾರಂಟ್ ತರಲು ಹೋದರೆ ಸಾಕ್ಷ್ಯ ಕೈತಪ್ಪುತ್ತಿತ್ತು ಅಂತ ಕಾರಣ ಬರೆದಿರಬೇಕು. ಇವನ ರೂಮಿಗೆ ರಾತ್ರಿ ಬಂದಿದ್ದಾರೆ ಅಲ್ವಾ? ಆ ಕಾರಣ ಬರೆದ ಹಾಳೆ ಎಲ್ಲಿದೆ ಅಂತ ಕೇಳಿ. ಪೂರ್ತಿ ಬಿಟ್ಟುಬಿಟ್ಟಿದ್ದರೆ ಕೇಸಿಗೆ ದೊಡ್ಡ ಪೆಟ್ಟು. ತಡವಾಗಿದ್ದು ಅದಕ್ಕೆ ಸರಿಯಾದ ವಿವರಣೆ ಇದ್ದರೆ ಕೋರ್ಟು ಒಪ್ಪುತ್ತೆ. 2009ರ ಕರ್ನೈಲ್ ಸಿಂಗ್ ತೀರ್ಪಿನ ಸಾರ ಅದೇ. ಜೊತೆಗೆ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್, ಅಂದರೆ ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾಯ್ದೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕು. ಆ ವಿಡಿಯೋ ಕೇಳಿ. ಪಿಜಿ ಬಾಗಿಲಿನ ಸಿಸಿಟಿವಿ ಇದ್ದರೆ ಅದನ್ನು ಉಳಿಸಿಡಿ ಅಂತ ಮಾಲೀಕರಿಗೆ ಇವತ್ತೇ ಬರವಣಿಗೆಯಲ್ಲಿ ಕೊಡಿ, ಕೋರ್ಟಿಗೂ ಅರ್ಜಿ ಹಾಕಿಸಿ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ. ಎಷ್ಟು ಗಂಟೆಗೆ ಬಂದರು, ಯಾರ ಕೈಲಿ ಏನಿತ್ತು, ಪಂಚರು ಜೊತೆಗಿದ್ದರಾ, ಆಮೇಲೆ ಬಂದರಾ, ಎಲ್ಲಾ ಅದರಲ್ಲಿರುತ್ತೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಆ ಕಪಾಟು ಯಾರದ್ದು? ಮೂವರು ಇರುವ ರೂಮು. ಬೀಗ ಇತ್ತಾ, ಕೀ ಯಾರ ಹತ್ತಿರ ಇತ್ತು, ಬ್ಯಾಗಿನಲ್ಲಿ ಇವನ ಐಡಿ ಕಾರ್ಡು, ಬಟ್ಟೆ ಏನಾದರೂ ಇತ್ತಾ? ಸ್ವಾಧೀನ ಅಂದರೆ ಗೊತ್ತಿದ್ದೂ ಇಟ್ಟುಕೊಂಡಿರೋದು. ಸ್ವಾಧೀನ ಸಾಬೀತಾದ ಮೇಲೆ ಮಾತ್ರ ‘ನನಗೆ ಗೊತ್ತಿರಲಿಲ್ಲ’ ಅಂತ ತೋರಿಸುವ ಹೊರೆ ಇವನ ಮೇಲೆ ಬೀಳುತ್ತೆ. ಮೊದಲ ಹೆಜ್ಜೆ ಪೊಲೀಸರದ್ದೇ ಅಂತ 2008ರ ನೂರ್ ಆಗಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ಆದರೆ ಇದಕ್ಕಾಗಿ ರೂಮ್‌ಮೇಟ್ ಮೇಲೆ ಕಥೆ ಕಟ್ಟಲು ಹೋಗಬೇಡಿ. ನಿಜ ಏನು ಅಂತ ತಮ್ಮ ಅವನ ವಕೀಲರಿಗೆ ಮಾತ್ರ ಹೇಳಲಿ. ನಿಮಗೂ ಬೇಡ. ಜೈಲು ಭೇಟಿಯಲ್ಲಿ, ಫೋನಲ್ಲಿ ಕೇಸಿನ ಮಾತು ಎತ್ತಲೇಬೇಡಿ.

ಅವನೇ ಸೇದುತ್ತಿದ್ದ, ಚಟ ಇದೆ ಅಂತಾದರೆ 64ಎ ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ, ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಪ್ರಾಸಿಕ್ಯೂಷನ್‌ನಿಂದಲೇ ವಿನಾಯಿತಿ ಸಿಗಬಹುದು. ಚಿಕಿತ್ಸೆ ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ವಿನಾಯಿತಿ ವಾಪಸ್. ಈ ಬಾಗಿಲು ಕೂಡ 1 ಕೆಜಿಯ ಕೆಳಗೇ ತೆರೆಯೋದು, ಅದಕ್ಕೇ ತೂಕ ತೂಕ ಅಂತ ಬಡ್ಕೋತಿರೋದು. ಕೇಸು ಏನೇ ಆಗಲಿ, ಚಟ ನಿಜವಾಗಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಹೊರಗೆ ಬಂದ ಮೇಲೆ ಕರ್ಕೊಂಡು ಹೋಗಿ.

ದಿನ ಎಣಿಸುವ ಕೆಲಸ ಮನೆಯವರೇ ಮಾಡಬಹುದು. ನಡುವಿನ ಪ್ರಮಾಣಕ್ಕೆ 60 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು. ವಾಣಿಜ್ಯ ಪ್ರಮಾಣಕ್ಕೆ ಅದು 180 ದಿನ. ಕ್ಯಾಲೆಂಡರಿನಲ್ಲಿ ಮೊದಲ ರಿಮ್ಯಾಂಡ್ ಆದ, ಅಂದರೆ ಕೋರ್ಟು ಕಸ್ಟಡಿಗೆ ಕಳಿಸಿದ, ದಿನಕ್ಕೆ ಗುರುತು ಹಾಕಿ, ಆ ದಿನವನ್ನೂ ಸೇರಿಸಿ ಎಣಿಸಿ. ಚಾರ್ಜ್‌ಶೀಟ್ ಬರದೆ 61ನೇ ದಿನ ಬಂತು ಅಂದರೆ ಗಡುವು ಮೀರಿದ ಕಾರಣಕ್ಕೇ ಜಾಮೀನು ಪಡೆಯುವ ಹಕ್ಕು ಅವನಿಗಿದೆ, ಬೆಳಗ್ಗೆಯೇ ಅದಕ್ಕೆ ಅರ್ಜಿ ಬೀಳಬೇಕು. ಮಧ್ಯಾಹ್ನ ಚಾರ್ಜ್‌ಶೀಟ್ ಬಂದ ಮೇಲೆ ಹಾಕಿದರೆ ಆ ಹಕ್ಕು ಹೋಯಿತು. ಇಲ್ಲಿ ಸೋಮಾರಿತನ ಮಾಡಿದ ವಕೀಲರನ್ನೂ ನೋಡಿದ್ದೀನಿ.

ದುಡ್ಡು ಕೇಳಿದ ಆ ಮನುಷ್ಯನ ನಂಬರ್ ಬ್ಲಾಕ್ ಮಾಡಿ. ವಕೀಲರಿಗೆ ಕೊಡಲು ನಿಜವಾಗಿ ಕಷ್ಟ ಇದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ ಕಾನೂನೇ ಇದೆ.

ಆಮೇಲೆ ಜಾಮೀನುದಾರರು. ಆದೇಶ ಆದ ಮೇಲೆ ಹುಡುಕಲು ಹೊರಟು ವಾರಗಟ್ಟಲೆ ಒಳಗೇ ಉಳಿದವರಿದ್ದಾರೆ. ಕೋರ್ಟು ಒಬ್ಬರನ್ನೋ ಇಬ್ಬರನ್ನೋ ಕೇಳಬಹುದು. ಊರಿಂದ ಬರುವವರು ಈಗಿನ ಪಹಣಿ, ಆಧಾರ್, ಫೋಟೋ ತರಲಿ. ಮನೆ ಇರುವವರಾದರೆ ಖಾತೆ ಮತ್ತು ಕಂದಾಯ ಕಟ್ಟಿದ ರಸೀದಿ. ಪಹಣಿ ಇನ್ನೂ ನಿಮ್ಮ ತಾತನ ಹೆಸರಲ್ಲೇ ಇದ್ದರೆ ನಿಮ್ಮಪ್ಪ ಬಂದು ನಿಂತರೂ ಪ್ರಯೋಜನ ಆಗಲ್ಲ, ಈಗಲೇ ಬೇರೆಯವರನ್ನು ಕೇಳಿಟ್ಟುಕೊಳ್ಳಿ.